ಮಾದರಿಗೆ ಕೊಟ್ಟ ಕಣ್ಣು

ಅಂಗಿಯ ಜೇಬಿನಲ್ಲಿ ಕಣ್ಣು ಇದೆಯೋ ಇಲ್ಲವೋ ಎಂದು ಗುರುಸಿದ್ದ ಮತ್ತೊಮ್ಮೆ ಮುಟ್ಟಿ ನೋಡಿಕೊಂಡ. ಇತ್ತು. ಹುಣಸೆ ಬೀಜದಷ್ಟು ಗಾತ್ರದ ಉಕ್ಕಿನ ತುಂಡು. ಮಗ್ಗದ ಲಾಳಿಯ ಪಕ್ಕೆಯಲ್ಲಿ ಕೂರುವಂಥದ್ದು. ನೂಲು ಲಾಳಿಯ ಹೊಟ್ಟೆಯಿಂದ ಹೊರಬಂದು ಸೀರೆಯೊಳಗೆ ಸೇರುವುದು ಅದರ ಓರೆ ತೂತಿನ ಮೂಲಕವೇ. ಬನಹಟ್ಟಿಯಲ್ಲಿ ಎಲ್ಲರೂ ಅದನ್ನು ಬರೀ ಕಣ್ಣು ಎನ್ನುತ್ತಾರೆ. ಪಕ್ಕದಲ್ಲಿ ಸೊಸೆ ರಾಜಶ್ರೀ ಕಾರು ಓಡಿಸುತ್ತಿದ್ದಳು. ಜಮಖಂಡಿ ರಸ್ತೆಯ ತುಂಬ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಒಂದೊಂದರ ಹಿಂದೆ ಎರಡೆರಡು ಟ್ರೇಲರು, ತುಂಬಿದ ಬಸುರಿಯರ ಹಾಗೆ ಅತ್ತಿತ್ತ ಬಳುಕುತ್ತ ಹೋಗುತ್ತಿದ್ದವು. ಅವಳು ಅವುಗಳ ಹಿಂದೆ ತಾಳ್ಮೆಯಿಂದ ಕಾದು, ಸಂದು ಸಿಕ್ಕ ಕೂಡಲೇ ಸೊಂಯ್ಯನೆ ಮುಂದೆ ಹೋಗುತ್ತಿದ್ದಳು. ಹಾಗೆ ಮುಂದೆ ಹೋದಾಗಲೆಲ್ಲ ಗುರುಸಿದ್ದನ ಬಲಗಾಲು ತನ್ನ ಕಡೆಯಲ್ಲಿಲ್ಲದ ಬ್ರೇಕನ್ನು ಒತ್ತುತ್ತಿತ್ತು. ಒಳ್ಳೆಯ ಬೆಳಗು. ಚಳಿಯ ಬಿಸಿಲು, ಹೊಟ್ಟೆಯಲ್ಲಿ ಬಿಸಿ ಉಪ್ಪಿಟ್ಟು, ಮೈಮೇಲೆ ಇಸ್ತ್ರಿ ಮಾಡಿದ ಅಂಗಿ. ಏನೂ ಕೊರತೆಯಿಲ್ಲದ ಈ ಹೊತ್ತಿನಲ್ಲಿ ಅವನ ಹೆಬ್ಬೆರಳು ಸುಮ್ಮನಿರಲಾರದೆ ಜೇಬಿನೊಳಗೇ ಕಣ್ಣಿನ ಬಾಯನ್ನು ಸವರಿತು. ಅಲ್ಲೊಂದು ತಗ್ಗು ಸಿಕ್ಕಿತು.

ಹೊಸದರಲ್ಲಿ ತಗ್ಗು ಇರಬಾರದು. ಬೆಳಗ್ಗೆ ವರ್ಕ್‌ಶಾಪಿನ ಹಲಗೆಯ ಮೇಲೆ ಎರಡು ಕಣ್ಣುಗಳಿದ್ದವು. ಒಂದು ಅವನೇ ಮೊನ್ನೆ ಮಾಡಿ ಮುಗಿಸಿದ್ದು. ಇನ್ನೊಂದು, ಮಗ್ಗ ಮಾರಿದ ಯಾರದೋ ಮನೆಯ ಲಾಳಿಯಿಂದ ಕಿತ್ತುಬಂದದ್ದು. ವರ್ಷಗಟ್ಟಲೆ ಹತ್ತಿ ನೂಲು ಓಡಿ ಓಡಿ ಬಾಯಿ ಒಂದು ಬದಿಗೆ ಸವೆದದ್ದು. 'ಮಾದರಿಗೆ ಒಂದು ತಗೊಂಡ ಬರ್ರಿ ಮಾವಾರ' ಎಂದು ರಾಜಶ್ರೀ ಕಾರಿನಿಂದ ಕೂಗಿದಾಗ ಕೈ ತಾನಾಗಿಯೇ ಹಳೆಯದರ ಮೇಲೆ ಹೋಗಿತ್ತು. ಹೋಗದೆ ಏನು? ಬನಹಟ್ಟಿಯಲ್ಲಿ ಉಕ್ಕು ಕಡೆಯುವ ಲೇಥಿನ ಅಂಗಡಿಗಳಲ್ಲಿ ಮಾದರಿ ಎಂದರೆ ಹಳೆಯದೇ. ಅಲ್ಲಿಗೆ ಹಾಳೆಯ ಮೇಲೆ ಬರೆದ ನಕ್ಷೆ ಹಿಡಿದುಕೊಂಡು ಯಾರೂ ಬಂದವರಲ್ಲ. ಸವೆದ ಸಾಮಾನನ್ನು ಧೋತರದ ಚುಂಗಿನಲ್ಲಿ ಕಟ್ಟಿ ತಂದು ಹಲಗೆಯ ಮೇಲೆ ಇಟ್ಟು 'ಇದರಂಗ ಒಂದು ಬೇಕು' ಎನ್ನುತ್ತಾರೆ. ಅಂದರೆಂದು ಇದರ ಹಾಗೆಯೇ ಮಾಡಿಕೊಟ್ಟವನು ಹುಚ್ಚ. ಸವೆದಷ್ಟನ್ನು ಬೆರಳಿನಿಂದ ಅಳೆದು, ಮನಸ್ಸಿನಲ್ಲೇ ತುಂಬಿ, ಹೊಸದಾಗಿ ಮಾಡಿಕೊಡಬೇಕು. ಅಪ್ಪ ಹೊಳಬಸಪ್ಪ ಲೇಥಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಬೀಡಿಯ ಹೊಗೆಗೆ ಒಂದು ಕಣ್ಣು ಕಿರಿದು ಮಾಡಿಕೊಂಡು ಹೇಳುತ್ತಿದ್ದ: 'ಸಾಮಾನ ಈಗ ಹೆಂಗೈತಿ ಅಂತ ನೋಡಬ್ಯಾಡಲೇ. ಹುಟ್ಟಿದ ದಿನ ಹೆಂಗಿತ್ತು ಅದನ್ನ ನೋಡು.' ಆ ಒಂದು ಮಾತಿನ ಮೇಲೆ ಗುರುಸಿದ್ದ ಮನೆ ಕಟ್ಟಿದ್ದ, ಮಗ ಧರ್ಮರಾಜನನ್ನು ಓದಿಸಿ ಬಾಡಗಂಡಿಯ ಸಕ್ಕರೆ ಕಾರ್ಖಾನೆಯಲ್ಲಿ ನೌಕರಿಗೆ ಹಚ್ಚಿದ್ದ, ಊರಲ್ಲಿ ಹೆಸರು ಮಾಡಿದ್ದ.

ಆದರೆ ಇವತ್ತು ಜಮಖಂಡಿಗೆ ಪರೀಕ್ಷೆ ಮಾಡಲು ಹೊರಟ ಹೊಸ ಕಂಪ್ಯೂಟರ್ ಮಷೀನಿಗೆ ಈ ಪದ್ಧತಿ ಗೊತ್ತಿಲ್ಲ. ಇದರಂಗ ಅಂದರೆ ಅದು ಇದರಂಗೇ ಮಾಡುತ್ತದೆ. ತಗ್ಗು ಇದ್ದರೆ ತಗ್ಗು, ತಗ್ಗಿಗೆ ಸಿಕ್ಕ ನೂಲು ಹರಿಯುವುದೇ. ಗಾಡಿ ತಿರುಗಿಸು, ಹಳೇದು ತಂದುಬಿಟ್ಟೆ ಎಂದು ಹೇಳಲು ಗುರುಸಿದ್ದ ಬಾಯಿ ತೆರೆದ.

'ಯಾಕ್ರೀ ಮಾವಾರ, ಸುಮ್ಮನ ಕುಂತಬಿಟ್ರಿ?' ಎಂದಳು ರಾಜಶ್ರೀ.

'ಟ್ರ್ಯಾಕ್ಟರ್ ಎಣಿಸಾಕತ್ತೀನವ್ವ.'

'ಎಷ್ಟಾದ್ವು?'

'ಮಾತಾಡ್ಸಿ ತಪ್ಪಿಸಿಬಿಟ್ಟಿ ನೋಡು. ಇನ್ನ ಮತ್ತ ಮೊದಲಿಂದ ಹಿಡೀಬೇಕು.'

ಅವಳು ನಕ್ಕಳು. ಅವನೂ ನಕ್ಕ. ನಗುತ್ತಲೇ, ಬೆಳಗ್ಗೆ ಆದದ್ದು ಬರೀ ತಪ್ಪು, ಈಗ ಆದದ್ದು ಬೇರೆ ಎಂದು ಅವನಿಗೆ ತಿಳಿಯಿತು. ಈಗ ಆದದ್ದಕ್ಕೆ ಏನು ಹೆಸರಿಡಬೇಕೆಂದು ಮಾತ್ರ ತಿಳಿಯಲಿಲ್ಲ. ನಾಲ್ಕು ದಿನದ ಹಿಂದೆ ಊಟಕ್ಕೆ ಕೂತಾಗ ರಾಜಶ್ರೀ ರೊಟ್ಟಿ ಮುರಿಯುತ್ತ ಹೇಳಿದ್ದಳು: 'ಮಷೀನು ನೀವ ಪರೀಕ್ಷಾ ಮಾಡ್ರಿ. ನೀವು ಹೂಂ ಅಂದ್ರ ತರಸೂಣು, ಊಹೂಂ ಅಂದ್ರ ಆ ಮಾತ ಬಿಡೂಣು.' ಆಗ ಅವನಿಗೆ ಒಂದು ರೊಟ್ಟಿ ಹೆಚ್ಚೇ ಹೋಗಿತ್ತು. ಮಲಗಿದ ಮೇಲೆ ಅದೇ ಮಾತು ನಿದ್ದೆಗೆ ಅಡ್ಡವಾಯಿತು. ಹೂಂ ಎಂದರೆ ಓಣಿಯ ಜನ ಸಾಮಾನು ತಂದು ಯಾರ ಕೈಗೆ ಕೊಡುತ್ತಾರೆ? 'ಗುರುಸಿದ್ದಪ್ಪ ಬೆರಳಾಡಿಸಿ ಹೇಳಲಿ' ಎಂದು ಕಾಯುವವರು ಇನ್ನು ಏನಕ್ಕೆ ಕಾಯುತ್ತಾರೆ? ಊಹೂಂ ಎಂದರೆ ಅವಳು ಮಾತಿಗೆ ತಪ್ಪುವವಳಲ್ಲ, ಬಿಟ್ಟೇಬಿಡುತ್ತಾಳೆ. ಮಗ್ಗದ ಸಾಮಾನಿನ ವ್ಯಾಪಾರ ಸೊರಗುತ್ತಿರುವಾಗ ಕಿವಿ ಕೇಳಿಸುವ ಯಂತ್ರದ ಚೂರು, ಪಂಪಿನ ಸಣ್ಣ ಮೂತಿ ಎಂದು ಹೊರಗಿನ ಕೆಲಸಗಳನ್ನು ಹುಡುಕಿ ತಂದವಳು ಅವಳು. ಬಿಟ್ಟ ಮೇಲೆ ದಿನಾ ಚಹಾ ತಂದುಕೊಡುವಾಗ ಆ ಮುಖ ನೋಡಬೇಕಲ್ಲ. ಊಹೂಂ ಅನ್ನುವುದು ಬೇಕು, ಆದರೆ ತನ್ನ ಬಾಯಿಂದ ಬೇಡ. ಜೇಬಿನಲ್ಲಿದ್ದ ಈ ಸವೆದ ಚೂರು ಅವನ ಪರವಾಗಿ ಅದನ್ನು ಹೇಳಲು ಹೊರಟಂತಿತ್ತು. ಅವನು ಜೇಬಿನಿಂದ ಕೈ ತೆಗೆದು ತೊಡೆಯ ಮೇಲೆ ಇಟ್ಟುಕೊಂಡ, ಸಭ್ಯಸ್ಥನ ಹಾಗೆ.

ಜಮಖಂಡಿಯ ಹೊರಗೆ, ಹಿಂದೆ ಗೊಬ್ಬರದ ಗೋದಾಮಾಗಿದ್ದ ಶೆಡ್ಡಿನಲ್ಲಿ ಕಂಪನಿಯವರು ಒಂದು ವಾರದ ಮಟ್ಟಿಗೆ ಮಷೀನನ್ನು ತಂದು ಇಟ್ಟಿದ್ದರು. ಬೇಕಾದವರು ಬಂದು ತಮ್ಮ ಸಾಮಾನು ಕೊಟ್ಟು ಮಾಡಿಸಿ ನೋಡಬಹುದು. ಬಾಗಿಲಲ್ಲೇ ಚಪ್ಪಲಿ ಬಿಡಿಸಿ ಕಾಲಿಗೆ ನೀಲಿ ಪ್ಲಾಸ್ಟಿಕ್ ಚೀಲ ತೊಡಿಸಿದರು. ಆ ಚೀಲಗಳಲ್ಲಿ ಜಾರದಂತೆ ನಡೆಯುವುದು ಹೇಗೆಂದು ಗುರುಸಿದ್ದ ಕಲಿಯುತ್ತಿರುವಾಗಲೇ ಒಳಗಿನಿಂದ ಗಟ್ಟಿ ದನಿ ಬಂತು. ಮುಧೋಳದ ನೀಲಕಂಠ. ಒಂದು ಕಾಲಕ್ಕೆ ಇಬ್ಬರೂ ಒಂದೇ ತರಹದ ಲೇಥು ಇಟ್ಟುಕೊಂಡಿದ್ದವರು. ಈಗ ನೀಲಕಂಠನ ಹತ್ತಿರ ಮೂರು ಸಿಎನ್‌ಸಿ, ಅಂದರೆ ಕಂಪ್ಯೂಟರ್ ನಡೆಸುವ ಮಷೀನು, ಗುರುಸಿದ್ದನ ಹತ್ತಿರ ಅದೇ ಲೇಥು.

'ಬರ್ರಿ ಗುರುಸಿದ್ದಪ್ಪಾರ, ಬರ್ರಿ! ಕನ್ಯಾ ನೋಡಾಕ ಬಂದ್ರೇನು?'

'ನಾ ಬಂದಿದ್ದ ಸರಿ ಐತಿ. ಮನ್ಯಾಗ ಮೂರು ಇಟಗೊಂಡು ನೀ ಯಾಕ ಬಂದಿ?'

'ನಾಕನೇದರ ಆಸೆ ಹೋಗವಲ್ದು ನೋಡ್ರಿ' ಎಂದು ನೀಲಕಂಠ ಎದೆ ಮುಟ್ಟಿಕೊಂಡ. ಆಮೇಲೆ ರಾಜಶ್ರೀಯ ಕಡೆ ತಿರುಗಿ, 'ಮೊದಲನೇ ಸಿಎನ್‌ಸಿ ನೋಡಿದಾಗ ನಿಮ್ಮ ಮಾವ ಏನಂದಿದ್ರು ಗೊತ್ತೇನವಾ? ಲೇಥಿಗೆ ಟೀವಿ ಹಚ್ಯಾರ ಅಂದಿದ್ರು. ನಾ ಟೀವಿ ನೋಡಕೋತ ಮನಿ ಕಟ್ಟಿದ್ನಿ' ಎಂದ.

ಎಲ್ಲರೂ ನಕ್ಕರು. ಗುರುಸಿದ್ದ ಎಲ್ಲರಿಗಿಂತ ಜೋರಾಗಿ ನಕ್ಕ. ಹಾಗೆ ನಗುವುದೊಂದೇ ಉಪಾಯ ಎಂದು ಬಹಳ ಹಿಂದೆ ಕಲಿತಿದ್ದ. ಆ ಮಾತು ಆಡಿದ ದಿನ ಹೊಳಬಸಪ್ಪ ಬದುಕಿದ್ದ, ಮಗನ ಜಾಣತನಕ್ಕೆ ತೊಡೆ ತಟ್ಟಿದ್ದ. ತೊಡೆ ತಟ್ಟಿದ ಸಪ್ಪಳ ಈಗಲೂ ಕಿವಿಯಲ್ಲಿತ್ತು. ಮುಧೋಳದಲ್ಲಿ ನೀಲಕಂಠನ ಮನೆಯ ಎರಡನೇ ಅಂತಸ್ತೂ ಕಣ್ಣಮುಂದೆ ಇತ್ತು.

ಮಷೀನು ಬಿಳಿಯದು, ಎತ್ತರದ ಕಪಾಟಿನಷ್ಟಿತ್ತು, ಎದುರಿಗೆ ಗಾಜು. ಅದನ್ನು ನಡೆಸಿ ತೋರಿಸುವವಳು ಪ್ರತಿಮಾ ಎಂಬ ಹುಡುಗಿ, ಬೀಳಗಿ ತಾಲೂಕಿನ ಅನಗವಾಡಿಯವಳು. ಅವಳ ಮಾತಿನಲ್ಲಿ ಕಂಪನಿ ಕಲಿಸಿದ ಅರ್ಧ ಇತ್ತು, ಅನಗವಾಡಿಯ ಅರ್ಧ ಇತ್ತು. ಹುರುಪು ಬಂದಾಗ ಅನಗವಾಡಿಯದೇ ಮುಂದಾಗುತ್ತಿತ್ತು. ಸಾದಾ ಮಷೀನಿನಲ್ಲಿ ಉಳಿ ಮೂರು ಕಡೆ ಸರಿಯುತ್ತದೆ, ಇದರಲ್ಲಿ ಅದರ ಜೊತೆಗೆ ಸಾಮಾನು ಇಟ್ಟ ಹಲಗೆಯೇ ಓರೆಯಾಗುತ್ತದೆ, ತಿರುಗುತ್ತದೆ, ಹೀಗಾಗಿ ಐದು ಎಂದು ಅವಳು ತನ್ನ ಅಂಗೈಯನ್ನೇ ವಾಲಿಸಿ ತಿರುಗಿಸಿ ತೋರಿಸಿದಳು. ಸಣ್ಣ ಸಾಮಾನಿನ ಯಾವ ಮಗ್ಗುಲಿಗೆ ಬೇಕಾದರೂ ಉಳಿ ಹೋಗಬಹುದು, ಬಿಚ್ಚಿ ಮತ್ತೆ ಹಿಡಿಯುವ ಕೆಲಸವಿಲ್ಲ. ಗುರುಸಿದ್ದನಿಗೆ ಅದು ನಾಟಿತು. ಒಂದು ಕಣ್ಣು ಮಾಡಲು ಅವನು ಅದನ್ನು ಮೂರು ಸಲ ಬಿಚ್ಚಿ ಹಿಡಿಯುತ್ತಾನೆ, ಮತ್ತು ತಪ್ಪು ಹುಟ್ಟುವುದೆಲ್ಲ ಆ ಬಿಚ್ಚಿ ಹಿಡಿಯುವುದರಲ್ಲೇ. ಅವನು ಪ್ರಶ್ನೆ ಕೇಳಲು ಶುರುಮಾಡಿದ. ಪ್ರಶ್ನೆ ಕೇಳುವಾಗ ಮನಸ್ಸು ಹಗುರವಾಗಿರುತ್ತದೆ.

'ನಮ್ಮ ಊರಾಗ ಗಾಳಿ ತುಂಬ ಹತ್ತಿ ಹಿಂಜು ಹಾರಾಡತೈತಿ. ಇದರ ಮೂಗಿನ್ಯಾಗ ಹೊಕ್ಕರ?'

'ಜಾಳಿಗಿ ಐತ್ರಿ ಸರ. ವಾರಕ್ಕೊಮ್ಮೆ ತೊಳೀಬೇಕು. ತೊಳೀಲಿಲ್ಲಂದ್ರ ಕೆಡತೈತಿ, ಸುಳ್ಳ ಯಾಕ ಹೇಳಲಿ.'

'ನಡುವ ಕರೆಂಟ್ ಹ್ವಾದ್ರ?'

'ಎಲ್ಲಿತ್ತೋ ಅಲ್ಲೇ ನಿಂದರತೈತಿ. ಆ ಒಂದು ಸಾಮಾನು ಹೋತು ಅಂತ ತಿಳೀರಿ.'

'ಬ್ಯಾಸಗಿ?'

ಪ್ರತಿಮಾ 'ಎಸಿ ಬೇಕ್ರಿ' ಎಂದಳು. 'ಇಲ್ಲಂದ್ರ ಮುಂಜಾನೆಗೊಂದು ಅಳತಿ, ಸಂಜಿಗೊಂದು ಅಳತಿ.'

'ನಾವೂ ಹಂಗ ಬಿಡವ್ವ, ಬ್ಯಾಸಗ್ಯಾಗ' ಎಂದ ನೀಲಕಂಠ.

ಮುಚ್ಚಿಡದೆ ಹೇಳಿದಳಲ್ಲ ಎಂದು ಗುರುಸಿದ್ದನಿಗೆ ಹುಡುಗಿಯ ಮೇಲೆ ಪ್ರೀತಿ ಬಂತು, ಬಂದ ಕೂಡಲೇ ಜೇಬು ಭಾರವಾಯಿತು. ಎದುರಿನವರು ಒಂದಾದರೂ ಸುಳ್ಳು ಹೇಳಿದ್ದರೆ ಲೆಕ್ಕ ಸರಿಹೋಗುತ್ತಿತ್ತು. ಅವನು ಕಣ್ಣನ್ನು ತೆಗೆದು ಅಂಗೈಯಲ್ಲಿ ಇಟ್ಟು ಚಾಚಿದ. ಅವಳು ಅದನ್ನು ಚಿಮಟಿಗೆಯಿಂದ ಎತ್ತಿಕೊಂಡು ಬಟ್ಟೆಯಿಂದ ಒರೆಸಿದಳು. ಅವನು ಅಭ್ಯಾಸದಂತೆ ಇನ್ನೊಮ್ಮೆ ಮುಟ್ಟಿ ತೋರಿಸಲು ಹೋದ.

'ಕೈಲೆ ಮುಟ್ಟಬ್ಯಾಡ್ರೀ ಸರ. ಕೈ ಬೆಚ್ಚಗಿರತೈತಿ. ಸಾಮಾನು ಅಷ್ಟಕ್ಕ ಬೆಳಿತೈತಿ.'

ಮೆತ್ತಗೆ ಹೇಳಿದಳು, ತಾತನಿಗೆ ಹೇಳುವ ಹಾಗೆ. ಗುರುಸಿದ್ದ ಕೈ ಹಿಂದೆ ತೆಗೆದುಕೊಂಡ. ಈ ಹೆಬ್ಬೆರಳಿನ ತುದಿಗಾಗಿ ತೇರದಾಳದಿಂದ, ಮಹಾಲಿಂಗಪುರದಿಂದ ಜನ ಬಂದಿದ್ದರು. ಒಬ್ಬ ಸಾಹುಕಾರ ಇದೇ ಬೆರಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದು, ವಿಮಾ ಮಾಡಿಸ್ರಿ ಇದಕ್ಕ ಎಂದು ಹೇಳಿದ್ದ. ಇಲ್ಲಿ ಅದು ಬೆಚ್ಚಗಿರುವುದೇ ಒಂದು ದೋಷ. ಅವನು ಆ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ನಿಂತ; ಬೆನ್ನ ಹಿಂದೆ ಅದು ಸಾಲೆಯಲ್ಲಿ ಹೊರಗೆ ನಿಲ್ಲಿಸಿದ ಹುಡುಗನಂತಿತ್ತು. ಅವಮಾನವೇನೋ ಆಯಿತು, ಆದರೆ ಅವಳು ಹೇಳಿದ್ದು ಖರೆಯೇ ಎಂದು ಲೇಥು ನಡೆಸುವ ಒಳಗಿನ ಟರ್ನರನಿಗೆ ಗೊತ್ತಿತ್ತು, ಆ ಟರ್ನರನಿಗೆ ಒಳಗೊಳಗೇ ಖುಷಿಯೂ ಆಗಿತ್ತು. ಕೈಯ ಬಿಸಿಯನ್ನೂ ಲೆಕ್ಕಕ್ಕೆ ಹಿಡಿಯುವವರು ಇದ್ದಾರೆ!

'ಇದರಂಗ ಮಾಡಲೇನ್ರಿ? ಹೆಂಗೈತಿ ಹಂಗ?' ಎಂದು ಪ್ರತಿಮಾ ಕೇಳಿದಳು.

ನಿಜ ಹೇಳಲು ಸಂದು ಸಿಕ್ಕಿತ್ತು. ಹಿಂದಿನಿಂದ ರಾಜಶ್ರೀಯ ಬಳೆಯ ಸಪ್ಪಳ ಕೇಳಿಸಿತು. ಅವಳು ಕೈ ಹಿಸುಕಿಕೊಳ್ಳುತ್ತಿದ್ದಾಳೆ ಎಂದು ತಿರುಗಿ ನೋಡದೆಯೇ ಗೊತ್ತಾಯಿತು.

'ಹೂಂ. ಇದರಂಗ ಒಂದು ಬೇಕು' ಎಂದ ಗುರುಸಿದ್ದ. ಜೀವಮಾನವಿಡೀ ಬೇರೆಯವರು ತನಗೆ ಹೇಳಿದ ಮಾತು. ತನ್ನ ಬಾಯಿಂದ ಬಂದದ್ದು ಇದೇ ಮೊದಲು.

ಬೆಳಕಿನ ಗೆರೆ ಹಾಯಿಸಿ ಕಣ್ಣಿನ ಮೈಯನ್ನೆಲ್ಲ ಕಂಪ್ಯೂಟರು ಓದಿಕೊಂಡಿತು. ಪ್ರತಿಮಾ ಕೂತು ಏನೇನೋ ಒತ್ತಿದಳು. ಅಷ್ಟರಲ್ಲಿ ಊಟವೂ ಆಯಿತು. ರಾಜಶ್ರೀ ಕಟ್ಟಿ ತಂದ ರೊಟ್ಟಿ, ನೀಲಕಂಠ ತಂದ ಮುಧೋಳದ ಶೇಂಗಾ ಹೋಳಿಗೆ. ತಿನ್ನುವಾಗಲೂ ಅವನ ಕಿವಿ ಶೆಡ್ಡಿನೊಳಗೇ ಇತ್ತು. ಮಷೀನು ಶುರುವಾದಾಗ ಕೈ ತೊಳೆಯುವುದನ್ನೂ ಮರೆತು ಗಾಜಿನ ಮುಂದೆ ಹೋಗಿ ನಿಂತ. ಕೂಗು ಇಲ್ಲ, ಕಿಡಿ ಇಲ್ಲ. ಹಾಲಿನಂಥ ಎಣ್ಣೆನೀರು ಸುರಿಯುತ್ತಿತ್ತು, ಅದರಡಿಯಲ್ಲಿ ಉಕ್ಕಿನ ತುಂಡು ಮಗ್ಗುಲಾಯಿತು, ಬೋರಲಾಯಿತು, ಮತ್ತೆ ಮೆಲ್ಲಗೆ ಅಂಗಾತವಾಯಿತು. ಎಲ್ಲಿ ನೋಡಿದ್ದೇನೆ ಇದನ್ನು? ಅವ್ವ ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕಾಲ ನಡುವೆ ಕೂಸನ್ನು ಮಲಗಿಸಿಕೊಂಡು ಎರೆಯುತ್ತಿದ್ದಳು. ಒಂದು ಅಂಗೈಯ ಮೇಲೆಯೇ ಕೂಸನ್ನು ಹೊರಳಿಸಿ ಕಂಕುಳು, ಕತ್ತಿನ ಸಂದು, ಕಿವಿಯ ಹಿಂದೆ ಎಲ್ಲ ಕಡೆ ಬೆರಳು ಹೋಗುತ್ತಿತ್ತು, ಕೂಸು ಒಮ್ಮೆಯೂ ಕೈಬಿಟ್ಟು ಹೋಗುತ್ತಿರಲಿಲ್ಲ. ಧರ್ಮರಾಜನನ್ನು ಹಾಗೆ ಎರೆದಳು, ಬಚ್ಚಲಿನ ಬಾಗಿಲಲ್ಲಿ ನಿಂತು ಗುರುಸಿದ್ದ ಹೆದರಿ ಹೆದರಿ ನೋಡಿದ್ದ. ಈ ಮಷೀನಿಗೆ ಹಿಡಿತ ಗೊತ್ತು. ಅವನ ಮುಖದ ಮೇಲೆ ತಾನಾಗಿ ನಗು ಬಂತು, ಗಾಜಿನಲ್ಲಿ ಅದು ಕಂಡಿತು, ಕಂಡ ಕೂಡಲೇ ಅವನು ಅದನ್ನು ಒರೆಸಿಕೊಂಡ. ಪರೀಕ್ಷೆ ಮಾಡಲು ಬಂದವನು ಹೀಗೆ ನಗಬಾರದು. ಪ್ರಶ್ನೆಪತ್ರಿಕೆಯಲ್ಲೇ ಮೋಸ ಮಾಡಿದವನಂತೂ ನಗಲೇಬಾರದು.

ಹೊಸ ಕಣ್ಣು ಹೊರಗೆ ಬಂತು. ಅದರ ಮೈಯನ್ನು ಕಂಪ್ಯೂಟರು ಮತ್ತೆ ಓದಿ, ಹಳೆಯದರ ಮೇಲೆ ಹೊಸದನ್ನು ಹೊಂದಿಸಿ ತೋರಿಸಿತು. ತೆರೆಯ ಮೇಲೆ ಎಲ್ಲ ಹಸಿರು, ಎಲ್ಲೂ ಕೆಂಪಿಲ್ಲ. ಕೂದಲನ್ನು ಉದ್ದಕ್ಕೆ ಎಷ್ಟೋ ಪಾಲು ಸೀಳಿದರೆ ಬರುವಷ್ಟೂ ವ್ಯತ್ಯಾಸವಿಲ್ಲ ಎಂದಳು ಪ್ರತಿಮಾ. ನೀಲಕಂಠ ಚಪ್ಪಾಳೆ ತಟ್ಟಿದ. ರಾಜಶ್ರೀ ಮಾವನ ಮುಖವನ್ನೇ ನೋಡುತ್ತಿದ್ದಳು. ಅವಳ ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು ಇದ್ದದ್ದನ್ನು ಅವನು ಆಗ ಕಂಡ. ಈಗ ಮುಟ್ಟಬಹುದೆಂದು ಪ್ರತಿಮಾ ಹೊಸ ಕಣ್ಣನ್ನು ಅವನ ಅಂಗೈಗೆ ಇಟ್ಟಳು. ಹೆಬ್ಬೆರಳು ಹೋಗಿ ನೇರ ಆ ಜಾಗದಲ್ಲೇ ನಿಂತಿತು. ತಗ್ಗು ಇತ್ತು. ಎಳ್ಳಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಹುಟ್ಟುತ್ತಲೇ ಮುದಿಯಾದ ಕಣ್ಣು.

'ಹೇಳ್ರಿ ಮಾವಾರ.'

'ಮಗ್ಗಕ್ಕ ಹಾಕಿ ನೋಡೂಣು' ಎಂದ. 'ನೂಲು ಹೇಳಲಿ. ಅಲ್ಲೀತನಕ ನಾ ಏನೂ ಹೇಳಂಗಿಲ್ಲ.'

'ಅದ ಖರೆ ಪರೀಕ್ಷಾ ಬಿಡ್ರಿ' ಎಂದು ಪ್ರತಿಮಾ ತಲೆಯಾಡಿಸಿದಳು. ಆ ಗೌರವ ಅವನಿಗೆ ಬೆನ್ನಿಗೆ ಹೊಡೆದಂತಾಯಿತು.

ತಿರುಗಿ ಬರುವಾಗ ದಾರಿಯಲ್ಲಿ ರಾಜಶ್ರೀ ಗುನುಗುತ್ತಿದ್ದಳು. ಯಾವ ಹಾಡೆಂದು ಅವಳಿಗೂ ಗೊತ್ತಿದ್ದಂತೆ ಇರಲಿಲ್ಲ. ಗುರುಸಿದ್ದ ಲೆಕ್ಕ ಹಾಕಿಕೊಂಡ: ತಮ್ಮ ಓಣಿಯಲ್ಲಿ ಸೀರೆ ನೇಯುವ ತಂಗೆವ್ವನ ಮಗ್ಗಕ್ಕೆ ಹಾಕುವುದು. ಅವಳು ಈಗ ರೇಶಿಮೆಯಂಥ ನುಣುಪು ನೂಲು ನೇಯುತ್ತಿದ್ದಾಳೆ, ಅದು ಮೊದಲೇ ನಾಜೂಕು, ಚಟ್ಟನೆ ಹರಿಯುತ್ತದೆ. ಹರಿದ ಮೇಲೆ ತಾನು ಏನೂ ಹೇಳಬೇಕಿಲ್ಲ, ತಲೆಯಾಡಿಸಿ ನಿಟ್ಟುಸಿರು ಬಿಟ್ಟರೆ ಸಾಕು. ನಿಟ್ಟುಸಿರು ಹೇಗಿರಬೇಕೆಂದು ಸಹ ಅವನು ಒಳಗೇ ಬಿಟ್ಟು ನೋಡಿದ. ಛೀ ಎನಿಸಿತು. ಛೀ ಎನಿಸಿದ್ದಕ್ಕೆ ಸ್ವಲ್ಪ ಸಮಾಧಾನವಾಯಿತು, ಇನ್ನೂ ಪೂರ್ತಿ ಕೆಟ್ಟಿಲ್ಲ ಎಂದು. ಕಬ್ಬಿನ ಹೊಲಗಳ ಮೇಲೆ ಹಳದಿ ಬಿಸಿಲು ಇಳಿಯುತ್ತಿತ್ತು. ಈಗಲಾದರೂ ಹೇಳಿಬಿಡಬಹುದು. ಆದರೆ ಬೆಳಗ್ಗೆ ಹೇಳಿದ್ದರೆ ಅದು ಮರೆವು ಅನಿಸಿಕೊಳ್ಳುತ್ತಿತ್ತು, ಶೆಡ್ಡಿನಲ್ಲಿ ಹೇಳಿದ್ದರೆ ತಮಾಷೆ. ಈಗ ಹೇಳಿದರೆ ಅದಕ್ಕೆ ಬೇರೆ ಹೆಸರಿದೆ. ತಡವಾದಷ್ಟೂ ಮಾತಿಗೆ ತೂಕ ಬೆಳೆಯುತ್ತ ಹೋಗುವುದು ವಿಚಿತ್ರ.

ತಂಗೆವ್ವನ ಮನೆಯೆಂದರೆ ಎರಡು ಪಾವರ್ ಮಗ್ಗ, ಅವುಗಳ ಸುತ್ತ ಉಳಿದ ಜಾಗದಲ್ಲಿ ಸಂಸಾರ. ಹೊರಗಿನಿಂದಲೇ ಖಟಾಖಟ್ ಎಂದು ನೆಲ ಅದುರುತ್ತಿತ್ತು. ಗುರುಸಿದ್ದನನ್ನು ಕಂಡು ಅವಳು ಒಂದು ಮಗ್ಗ ನಿಲ್ಲಿಸಿದಳು; ಇನ್ನೊಂದು ಹೊಡೆದುಕೊಳ್ಳುತ್ತಲೇ ಇತ್ತು.

'ಹೊಸಾ ಕಣ್ಣಾ?' ಎಂದು ಅವಳು ಅದರ ಮೇಲೆಯೇ ಕೂಗಿದಳು. 'ಅಯ್ಯ ಶಿವನ! ಲಗ್ನದ ಸುಗ್ಗ್ಯಾಗ ಹೊಸಾ ಕಣ್ಣು ತಂದೀಯಲ್ಲೋ ಪುಣ್ಯಾತ್ಮ! ಇನ್ನ ತಿಂಗಳ ಕಾಲ ನನಗ ಗಂಟ ಹಾಕೂದ ಗತಿ.'

'ಹಾಕು ಹಾಕು. ಹರದ್ರ ನನಗ ಬೈ' ಎಂದ ಗುರುಸಿದ್ದ.

'ಬೈಯಾಕ ನಿನ್ನ ಕೇಳಬೇಕೇನು?'

ಈ ಬೈಗುಳ ಅವನಿಗೆ ಹೊಸದಲ್ಲ. ಹೊಸ ಕಣ್ಣು ಮೊದಲ ಕೆಲವು ವಾರ ನೂಲನ್ನು ಕಡಿಯುತ್ತದೆ. ಬನಹಟ್ಟಿಯಲ್ಲಿ ಅದು ಬೇಸಿಗೆಯಲ್ಲಿ ಸೆಕೆ ಇದ್ದಂತೆ, ಯಾರ ತಪ್ಪೂ ಅಲ್ಲ. 'ಪಳಗಬೇಕು' ಎಂದು ಅವನು ಹೇಳುತ್ತಾನೆ. ಹೊಳಬಸಪ್ಪ ತಂಗೆವ್ವನ ಅತ್ತೆಗೂ ಅದನ್ನೇ ಹೇಳಿದ್ದ. ಆಮೇಲೆ ಪಳಗುತ್ತಿತ್ತು. ಯಾಕೆ ಪಳಗುತ್ತದೆ, ಪಳಗುವುದೆಂದರೆ ಉಕ್ಕಿಗೆ ಏನಾಗುತ್ತದೆ ಎಂದು ತಂದೆ ಮಗ ಇಬ್ಬರೂ ಕೇಳಿಕೊಂಡವರಲ್ಲ.

ತಂಗೆವ್ವ ಲಾಳಿಗೆ ಕಣ್ಣು ಕೂರಿಸಿ, ನೂಲನ್ನು ಬಾಯಿಂದ ಹೀರಿ ತೂತಿನಿಂದ ಹೊರಗೆಳೆದು, ಮಗ್ಗಕ್ಕೆ ಬಿಟ್ಟು ಗುಂಡಿ ಒತ್ತಿದಳು. ಲಾಳಿ ಆ ಕಡೆಯಿಂದ ಈ ಕಡೆಗೆ ಹಾರತೊಡಗಿತು. ಗುರುಸಿದ್ದ ಕಿವಿಗೊಟ್ಟು ನಿಂತ. ನೂಲು ಹರಿದರೆ ಮಗ್ಗ ತಾನಾಗಿಯೇ ನಿಲ್ಲುತ್ತದೆ. ಆ ನಿಲುಗಡೆಗಾಗಿ ಅವನ ಇಡೀ ಮೈ ಕಾಯುತ್ತಿತ್ತು. ಖಟಾಖಟ್, ಖಟಾಖಟ್. ಈಗ, ಎಂದುಕೊಂಡ. ಇಲ್ಲ, ಈಗ. ಸೀರೆ ಬೆರಳಗಲ ಮುಂದೆ ಬಂತು, ಗೇಣು ಬಂತು. ಎದುರಿಗೆ ಗೋಡೆಗೆ ಒರಗಿ ರಾಜಶ್ರೀ ನಿಂತಿದ್ದಳು, ಅವಳ ತುಟಿ ಮಗ್ಗದ ತಾಳಕ್ಕೆ ಸಣ್ಣಗೆ ಅಲುಗುತ್ತಿತ್ತು, ಜಪ ಮಾಡುವವರ ಹಾಗೆ. ಅವನಿಗೆ ತಟ್ಟನೆ ತಾನು ಎಲ್ಲಿ ನಿಂತಿದ್ದೇನೆ ಎನ್ನುವುದು ಕಂಡಿತು. ಒಂದೇ ನೂಲಿಗೆ ಇಬ್ಬರು ಕಾಯುತ್ತಿದ್ದರು. ಆ ಹೆಣ್ಣುಮಗಳು ಹರಿಯದಿರಲೆಂದು, ಮನೆಯ ಹಿರಿಯನಾದ ತಾನು ಹರಿಯಲೆಂದು. ಹರಿಯಬೇಡ ಎಂದು ಅವನೂ ಅಂದುಕೊಂಡ, ಮನಸ್ಸಿನಲ್ಲಿ, ಮೊದಲು ನಾಚಿಕೆಯಿಂದ, ಆಮೇಲೆ ನಿಜವಾಗಿ. ಖಟಾಖಟ್. ಸೀರೆ ಮೊಳ ದಾಟಿತು. ಮಗ್ಗ ನಿಲ್ಲಲಿಲ್ಲ.

ನಿಲ್ಲದ್ದನ್ನು ಕಂಡು ತಂಗೆವ್ವನಿಗೇ ಅನುಮಾನ ಬಂತು. ಬಂದವಳೇ ಎರಡೂ ಮಗ್ಗ ಆರಿಸಿದಳು. ಮನೆ ಒಮ್ಮೆಲೆ ಬಾವಿಯಷ್ಟು ತಣ್ಣಗಾಯಿತು.

'ಏ ಗುರುಸಿದ್ದ, ನನಗ ಸುಳ್ಳ ಹೇಳತೀಯೇನೋ? ಇದು ಹಳೇದು.'

'ಇವತ್ತ ಮಧ್ಯಾಹ್ನ ಹುಟ್ಟೇತಿ ಬೇ ಅದು.'

'ಇವತ್ತ ಹುಟ್ಟಿದ ಕೂಸಿಗೆ ಹಲ್ಲ ಬಂದಾವೇನು? ಇದು ವರ್ಷಗಟ್ಟಲೆ ಓಡಿದ್ದರಂಗ ಓಡಾಕತ್ತೈತಿ. ನಿಂದು ಹೊಸಾದು ಒಂದರ ಹಿಂಗ ಓಡೇತೇನು, ನಿನ್ನ ಆಣಿ ಮಾಡಿ ಹೇಳು?'

ಗುರುಸಿದ್ದ ಲಾಳಿಯನ್ನು ಕೈಗೆ ತೆಗೆದುಕೊಂಡು ಬಾಗಿಲ ಬೆಳಕಿಗೆ ಹೋದ. ನುಣುಪು ನೂಲು ಆ ತಗ್ಗಿನಲ್ಲಿ ಮಲಗಿತ್ತು. ಮಲಗಿತ್ತು ಎನ್ನುವುದೇ ಸರಿ. ತೊಡೆಯ ಮೇಲೆ ತಲೆಯಿಟ್ಟು ಮಲಗಿದ ಹಾಗೆ. ನೂಲು ಕೊರೆದು ಕೆಡಿಸಿದ ಕಣ್ಣು ಬೇರೆ, ಅದರ ಅಂಚು ಬ್ಲೇಡಿನಂತಿರುತ್ತದೆ. ಇದು ನೂಲು ನಯಮಾಡಿದ ಕಣ್ಣು. ಎಲ್ಲಿ ಎಷ್ಟು ಓರೆ ಬೇಕೋ ಅಷ್ಟನ್ನು ನೂಲೇ ವರ್ಷಗಟ್ಟಲೆ ತಿಕ್ಕಿ ಮಾಡಿಕೊಂಡದ್ದು. ಎರಡನ್ನೂ ಅವನು ಸವೆತ ಎಂಬ ಒಂದೇ ಹೆಸರಿನಿಂದ ಕರೆದಿದ್ದ. ಎರಡನ್ನೂ ತುಂಬಿಸಿಕೊಟ್ಟಿದ್ದ. ನೂಲು ಕಷ್ಟಪಟ್ಟು ಮಾಡಿಕೊಂಡಿದ್ದನ್ನು ಅಳಿಸಿ, ಹುಟ್ಟಿದ ದಿನಕ್ಕೆ ಒಯ್ದು, ಪಳಗಬೇಕು ಎಂದು ಹೇಳಿ, ಹೆಂಗಸರ ಕೈಯಲ್ಲಿ ಗಂಟು ಹಾಕಿಸಿದ್ದ. ಅಪ್ಪನೂ ಹಾಗೇ. ಅಪ್ಪ ಈಗ ಇಲ್ಲಿದ್ದಿದ್ದರೆ ಏನನ್ನುತ್ತಿದ್ದ? ತೊಡೆ ತಟ್ಟುತ್ತಿದ್ದನೋ, ತಲೆ ತಟ್ಟಿಕೊಳ್ಳುತ್ತಿದ್ದನೋ. ಗುರುಸಿದ್ದನಿಗೆ ಮೊದಲು ಮುಖ ಬಿಸಿಯಾಯಿತು, ಆಮೇಲೆ ಹೊಟ್ಟೆಯ ಆಳದಿಂದ ನಗು ಬಂತು. ಇಂಥ ತಗ್ಗನ್ನು ತನ್ನ ಕೈಯಿಂದ ಮಾಡಲು ಆಗುತ್ತಿರಲಿಲ್ಲ, ಎಷ್ಟು ಸಲ ಬಿಚ್ಚಿ ಹಿಡಿದರೂ. ಅದಕ್ಕೇ ಇರಬೇಕು, ಅದು ಬೇಕೆಂದು ಎಂದೂ ಅನಿಸದೆ ಇದ್ದದ್ದು.

'ಮಾವಾರ, ಏನಾತ್ರಿ? ಹಿಂಗ್ಯಾಕ ನಗಾಕತ್ತೀರಿ?'

'ಮಷೀನು ಪಾಸ್ ಆತವ್ವ' ಎಂದ ಗುರುಸಿದ್ದ. ಉಳಿದದ್ದನ್ನು ನುಂಗಿಬಿಡಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ, ಜೊತೆಗೆ ಊರಲ್ಲಿ ಹೆಸರು: ಸವೆದದ್ದನ್ನೇ ಮಾದರಿಗೆ ಕೊಟ್ಟ ಗುರುಸಿದ್ದಪ್ಪ, ಎಂಥಾ ತಲಿ! ನೀಲಕಂಠನ ಮುಖ ಹೇಗಾಗುತ್ತಿತ್ತು ಎನ್ನುವುದೂ ಒಂದು ಕ್ಷಣ ಕಣ್ಣಮುಂದೆ ಹಾದುಹೋಯಿತು. ಆಸೆ ದೊಡ್ಡದೇ ಇತ್ತು. 'ಪೇಪರ್ ತಗದಾಂವ ನಪಾಸ್ ಆದ' ಎಂದ.

'ಅಂದ್ರ?'

ಹೇಳಿದ. ಬೆಳಗ್ಗೆ ಕೈ ತಪ್ಪಿದ್ದು, ಕಾರಿನಲ್ಲಿ ಗೊತ್ತಾದದ್ದು, ಗೊತ್ತಾದರೂ ಸುಮ್ಮನಿದ್ದದ್ದು. ಹೇಳುವಾಗ ಲಾಳಿಯನ್ನೇ ನೋಡುತ್ತಿದ್ದ. ತಂಗೆವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ರಾಜಶ್ರೀ ನಗಲಿಲ್ಲ.

'ನಾಕ ದಿನಾತ್ರಿ ನಾ ಸರಿ ನಿದ್ದಿ ಮಾಡಿಲ್ಲ' ಎಂದಳು. 'ಬ್ಯಾಡ ಅಂತ ಒಂದ ಮಾತ ಅಂದಿದ್ರ ಬಿಡತಿದ್ದೆ. ನಿಮ್ಮ ಮ್ಯಾಲೆ ಬಿಟ್ಟಿದ್ದೆ ನಾ. ಬ್ಯಾಡ ಅನ್ನಾಕ ಇಷ್ಟೆಲ್ಲಾ ಸರ್ಕಸ್ ಬೇಕಾಗಿತ್ತೇನ್ರಿ?'

'ಬ್ಯಾಡ ಅನ್ನಾಕ ಧೈರ್ಯ ಸಾಲಲಿಲ್ಲವ್ವ.'

'ಹೂಂ ಅನ್ನಾಕ?'

'ಅದಕ್ಕೂ ಸಾಲಲಿಲ್ಲ.'

ಅವಳು ಗೋಡೆಯ ಕಡೆ ಮುಖ ತಿರುಗಿಸಿದಳು. ಅವಳ ಭುಜ ಅಲುಗಿತು. ಅಳುತ್ತಿದ್ದಾಳೆ ಎಂದು ಗುರುಸಿದ್ದ ಒಂದು ಹೆಜ್ಜೆ ಮುಂದೆ ಬಂದ. ತಿರುಗಿದಾಗ ಕಣ್ಣು ಒದ್ದೆಯಾಗಿದ್ದರೂ ಅದು ನಗುವೇ. 'ಟ್ರ್ಯಾಕ್ಟರ್ ಎಣಿಸಾಕತ್ತಿದ್ರಂತ, ಟ್ರ್ಯಾಕ್ಟರ್!' ಎಂದಳು. ತಂಗೆವ್ವನಿಗೆ ಅದು ಅರ್ಥವಾಗಲಿಲ್ಲ, ಆದರೂ ಅವಳು ಸೆರಗು ತೆಗೆದು ಮನಸಾರೆ ನಕ್ಕಳು. ನಗು ಮುಗಿದ ಮೇಲೆ ರಾಜಶ್ರೀ ಮುಖ ಒರೆಸಿಕೊಂಡು, 'ಈಗ ಒಂದ ಮಾತ ಹೇಳ್ರಿ. ಹೂಂ ಏನು, ಊಹೂಂ ಏನು?' ಎಂದು ಕೇಳಿದಳು.

'ಹೂಂ' ಎಂದ ಗುರುಸಿದ್ದ. ಅಂದುಕೊಂಡಷ್ಟು ಭಾರವಿರಲಿಲ್ಲ. 'ಆದ್ರ ಮಾದರಿಗೆ ಈ ಒಂದ ಕಣ್ಣು ಸಾಲಂಗಿಲ್ಲ.'

'ಮತ್ತ ಯಾಕ್ರೀ?'

'ಇದು ಹತ್ತಿ ನೂಲಿಗೆ ಸವದದ್ದು. ಇಕಿ ನೂಲೂ ಓಡೇತಿ ಖರೆ, ಆದ್ರ ಅದಕ್ಕ ತಕ್ಕ ಓರೆ ಇನ್ನಾ ಬ್ಯಾರೆ ಇರತೈತಿ. ಒಂದೊಂದ ನೂಲಿಗೆ ಒಂದೊಂದ ನಮೂನಿ. ತಂಗೆವ್ವ, ಆ ಲಾಳಿ ಕೊಡಿಲ್ಲೆ.'

ಅವಳು ಇನ್ನೊಂದು ಮಗ್ಗದ ಲಾಳಿ ತಂದುಕೊಟ್ಟಳು. ಅವನು ಅದರ ಬಾಯನ್ನು ಸವರಿದ, ಕಣ್ಣು ಮುಚ್ಚಿ, ಅವಸರವಿಲ್ಲದೆ. ಇದಲ್ಲ ಎಂದು ತಲೆಯಾಡಿಸಿದ. ಇದು ನೂಲು ಕೊರೆದು ಕೆಡಿಸಿದ್ದು. ಪಕ್ಕದ ಮನೆಯಿಂದ ಯಶೋಧರಾಳ ಮಗ್ಗದ ಸಪ್ಪಳ ಬರುತ್ತಿತ್ತು. ಅದರಾಚೆ ಇನ್ನೊಂದು, ಅದರಾಚೆ ಓಣಿಯ ಉದ್ದಕ್ಕೂ ಸಂಜೆಯ ಮಗ್ಗಗಳೆಲ್ಲ. ಅವನು ಚಪ್ಪಲಿ ಮೆಟ್ಟಿ ಹೊರಟ. ಹಿಂದೆ ರಾಜಶ್ರೀ, ಅವಳ ಹಿಂದೆ ಮಗ್ಗವನ್ನು ಹಾಗೇ ಬಿಟ್ಟು ತಂಗೆವ್ವ. ಯಶೋಧರಾ ಮೂವರನ್ನೂ ಕಂಡು ಗಾಬರಿಯಾಗಿ ಮಗ್ಗ ಆರಿಸಿದಳು.

'ಏನ್ರಿ ಕಾಕಾರ, ಇಷ್ಟ ಮಂದಿ? ಏನ ಕೆಟ್ಟೈತಿ?'

'ಕೆಟ್ಟಿಲ್ಲವ್ವ ಏನೂ' ಎಂದು ಗುರುಸಿದ್ದ ಅವಳ ಲಾಳಿಗೆ ಕೈ ಚಾಚಿದ. 'ಛಲೋ ಸವದದ್ದು ಒಂದು ಹುಡಕಾಕತ್ತೀನಿ.'